ಒಂದು ರೂಪಾಯಿ ರೀಫಂಡ್ ಕೊಡಿಸದ ಆಡಿಟರ್ ಆಫೀಸಿನ ಬಗ್ಗೆ

2025ರ ಮಾರ್ಚ್ ಸಂಬಳ ಬಂದ ದಿನ ಬ್ಯಾಂಕಿನ ಮೆಸೇಜನ್ನು ಮೂರು ಸಲ ಓದಿದೆ. ಪ್ರತಿ ತಿಂಗಳು ಬರುವುದಕ್ಕಿಂತ 37,440 ರೂಪಾಯಿ ಕಡಿಮೆ ಬಂದಿತ್ತು. ಆ ತಿಂಗಳು ಮಗಳನ್ನು ಸ್ಕೂಲಿಗೆ ಸೇರಿಸಬೇಕಿತ್ತು. ಅಪ್ಪನನ್ನು ನೋಡಿಕೊಳ್ಳುವ ಹೋಂ ನರ್ಸ್ ಊರಿಗೆ ಹೋಗುತ್ತೇನೆ, ಮುಂಗಡ ಬೇಕು ಅಂದಿದ್ದರು. ಎಲ್ಲ ಒಟ್ಟಿಗೇ ಬಂತು.

ಈ ಬರಹ ಮಡಿಕೇರಿಯ ಮಹದೇವಪೇಟೆಯಲ್ಲಿರುವ ಒಂದು ಆಡಿಟರ್ ಆಫೀಸಿನ ಬಗ್ಗೆ. ಆ 37,440 ರೂಪಾಯಿಯ ಲೆಕ್ಕ ಹುಡುಕಿಕೊಂಡು ಮೂರು ಸಲ ಅಲ್ಲಿಗೆ ಹೋದೆ. ಆಡಿಟರ್ ಮೇಡಂ ತಮ್ಮ ಹೆಸರು ಎಲ್ಲೂ ಬರೆಯಬೇಡಿ ಅಂದಿದ್ದಾರೆ. ಇರುವ ಕೆಲಸವೇ ಅವರಿಗೆ ಜಾಸ್ತಿ. ಅದಕ್ಕೆ ಹೆಸರು ಬರೆಯುತ್ತಿಲ್ಲ. ಆದರೆ ಒಬ್ಬ ಆಡಿಟರ್ ಹೇಗೆ ಕೆಲಸ ಮಾಡಬೇಕು ಅನ್ನುವುದು ನನಗೆ ಅಲ್ಲಿ ಗೊತ್ತಾಯಿತು. ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಈಗ ಕೊಡಗಿನಲ್ಲಿ ತುಂಬ ಜನ ಇದ್ದೇವೆ. ನನ್ನ ಹಾಗೆ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರೂ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ನನ್ನ ಮನೆಯ ವಿಷಯ. ನಮ್ಮದು ಸೋಮವಾರಪೇಟೆ ಹತ್ತಿರ. ಅಪ್ಪನಿಗೆ ನಾಲ್ಕು ಎಕರೆ ಕಾಫಿ ತೋಟ, ಅರೇಬಿಕಾ. ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಅಮ್ಮ ಇಲ್ಲ. ಅಪ್ಪನಿಗೆ ಪಾರ್ಶ್ವವಾಯು ಆದಮೇಲೆ ನಾನು ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಮಗಳ ಜೊತೆ ಊರಿಗೆ ಬಂದೆ. ನನ್ನ ಗಂಡನಿಗೆ ಮೈಸೂರಿನಲ್ಲಿ ಕೆಲಸ. ಶನಿವಾರ ಬರುತ್ತಾರೆ, ಸೋಮವಾರ ಬೆಳಗ್ಗೆ ಹೋಗುತ್ತಾರೆ. ನನ್ನ ಕಂಪನಿ ಅಮೆರಿಕದ್ದು, ಆಫೀಸು ಬೆಂಗಳೂರಿನಲ್ಲಿ. ಅಮೆರಿಕದವರ ಜೊತೆ ಮೀಟಿಂಗ್ ಇರುವುದರಿಂದ ಕೆಲಸ ಮುಗಿಯುವಾಗ ರಾತ್ರಿ ಆಗುತ್ತದೆ. ಅಂಗನವಾಡಿ ಬಿಟ್ಟಮೇಲೂ ಮಗಳನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಪೇಟೆಯಲ್ಲಿ ಒಬ್ಬ ಅಕ್ಕ ತಮ್ಮ ಮನೆಯಲ್ಲೇ ಏಳೆಂಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅವರಿಗೆ ತಿಂಗಳಿಗೆ 3,500. ಹೋಂ ನರ್ಸಿಗೆ 14,000.

ಕಂಪನಿಯಲ್ಲಿ ಒಂದು ಸೌಲಭ್ಯ ಇದೆ. ಮಗುವಿನ ಡೇಕೇರ್ ಅಥವಾ ಮನೆಯ ಹಿರಿಯರ ಆರೈಕೆಗೆ ಖರ್ಚು ಮಾಡಿದರೆ, ಬಿಲ್ ಹಾಕಿ ತಿಂಗಳಿಗೆ 10,000 ರೂಪಾಯಿವರೆಗೆ ವಾಪಸ್ ಪಡೆಯಬಹುದು. ವರ್ಷಕ್ಕೆ 1,20,000. ಡೇಕೇರ್ ಅಕ್ಕ ಕೊಟ್ಟ ಕೈಬರಹದ ರಸೀದಿಯನ್ನು ಕಂಪನಿಯ ವೆಬ್‌ಸೈಟ್ ಎರಡು ಸಲ ತಿರಸ್ಕರಿಸಿತು. ಕೊನೆಗೆ ಅವರ ಹೆಸರು, ಪ್ಯಾನ್ ನಂಬರ್, ಸಹಿ ಇರುವ ರಸೀದಿ ಪುಸ್ತಕವೇ ಮಾಡಿಸಿದೆವು. ಅಷ್ಟು ಕಷ್ಟಪಟ್ಟು ಪಡೆದ ಹಣ ಅದು. ಅದಕ್ಕೆ ತೆರಿಗೆ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ತೆರಿಗೆ ಇಲ್ಲ ಅಂದುಕೊಳ್ಳಲು ಒಂದು ಕಾರಣವೂ ಇತ್ತು. ನಮ್ಮ ಟೀಮಿನಲ್ಲಿ ನ್ಯೂಜೆರ್ಸಿಯ ಒಬ್ಬರಿದ್ದಾರೆ, ಎರಡು ಮಕ್ಕಳ ತಾಯಿ. ಒಮ್ಮೆ ಮೀಟಿಂಗ್ ಶುರುವಾಗುವ ಮುಂಚೆ ಮಕ್ಕಳ ವಿಷಯ ಮಾತಾಡುತ್ತಾ, ಕಂಪನಿ ಮೂಲಕ ಡೇಕೇರಿಗೆ ಹೋಗುವ 5,000 ಡಾಲರಿಗೆ ತೆರಿಗೆ ಹಾಕುವುದಿಲ್ಲ ಅಂದರು. ಅದೇ ಕಂಪನಿ, ಅದೇ ತರಹದ ಸೌಲಭ್ಯ. ನಮಗೂ ಹಾಗೇ ಇರಬೇಕು ಅಂತ ನಾನು ನಂಬಿಬಿಟ್ಟೆ.

37,440 ಯಾಕೆ ಕಡಿಮೆ ಬಂತು ಅಂತ ಎಚ್‌ಆರ್‌ಗೆ ಬರೆದೆ. ನಿಯಮದ ಪ್ರಕಾರ ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಹಿಡಿಯಲಾಗಿದೆ ಅಂತ ಒಂದೇ ಸಾಲಿನ ಉತ್ತರ ಬಂತು.

ಅಷ್ಟರಲ್ಲಿ ಪರಿಚಯದವರು ಒಬ್ಬರ ನಂಬರ್ ಕೊಟ್ಟರು. ಬೇರೆ ಊರಿನವರು, ಫೋನಿನಲ್ಲೇ ರಿಟರ್ನ್ ಹಾಕಿಕೊಡುತ್ತಾರೆ. "ಪೂರ್ತಿ 37,440 ವಾಪಸ್ ತರಿಸ್ತೀನಿ, ಅದರಲ್ಲಿ ಹತ್ತು ಪರ್ಸೆಂಟ್ ನನಗೆ" ಅಂದರು. ಹೇಗೆ ಅಂತ ಕೇಳಿದೆ. ಅಪ್ಪನಿಗೆ ಮನೆ ಬಾಡಿಗೆ ಕೊಟ್ಟ ಹಾಗೆ ತೋರಿಸೋಣ, ಅಪ್ಪನನ್ನು ಅಂಗವಿಕಲ ಅವಲಂಬಿತ ಅಂತ ಹಾಕೋಣ, ಸರ್ಟಿಫಿಕೇಟ್ ಈಗ ಬೇಡ, ಯಾರೂ ಕೇಳಲ್ಲ ಅಂದರು. ನಾನು ಅಪ್ಪನಿಗೆ ಒಂದು ರೂಪಾಯಿ ಬಾಡಿಗೆ ಕೊಟ್ಟಿಲ್ಲ. ಹುಟ್ಟಿ ಬೆಳೆದ ಮನೆ ಅದು. ಆ ರಾತ್ರಿ ನಿದ್ದೆ ಬರಲಿಲ್ಲ. ಹಣ ಬೇಕಿತ್ತು, ಅದು ನಿಜ. ಸರಿ ಅಂತ ಹೇಳುವ ಹತ್ತಿರಕ್ಕೂ ಹೋಗಿದ್ದೆ. ಹೀಗೆ ಸುಳ್ಳು ವಿನಾಯಿತಿ ಹಾಕಿಕೊಡುವವರ ಮೇಲೆ ಆದಾಯ ತೆರಿಗೆ ಇಲಾಖೆ ಪರಿಶೀಲನೆ ಶುರು ಮಾಡಿದೆ ಅನ್ನುವ ಸುದ್ದಿ ಜುಲೈನಲ್ಲಿ ಬಂತು. ಅದನ್ನು ಓದಿದ ಮರುದಿನವೇ ಮಡಿಕೇರಿಗೆ ಹೊರಟೆ.

ಜುಲೈ ಮಳೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಾದಾಪುರ ದಾರಿಯ ಬಸ್ಸಿನಲ್ಲಿ ಫಾರಂ 16 (ಸಂಬಳ, ಹಿಡಿದ ತೆರಿಗೆಯ ಲೆಕ್ಕ ಇರುವ ಕಂಪನಿಯ ಪತ್ರ), ಸಂಬಳದ ಚೀಟಿಗಳು, ಡೇಕೇರ್ ರಸೀದಿ ಎಲ್ಲವನ್ನೂ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೋದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದು ಇದೇ ದಾರಿಯಲ್ಲಿ, ಹಟ್ಟಿಹೊಳೆ, ಮಕ್ಕಂದೂರು ಕಡೆ. ಈಗಲೂ ಜೋರು ಮಳೆಯಲ್ಲಿ ಆ ತಿರುವುಗಳು ಬಂದಾಗ ಬಸ್ಸಿನಲ್ಲಿ ಮಾತು ನಿಲ್ಲುತ್ತದೆ.

ಆಫೀಸು ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಕಡಿದಾಗಿದೆ, ಹಿಡಿದುಕೊಳ್ಳಲು ಒಂದೇ ಬದಿ ಕಂಬಿ. ವಯಸ್ಸಾದವರಿಗೆ ಕಷ್ಟ. ಇದನ್ನು ನಾನು ಮೇಡಂಗೂ ಹೇಳಿದ್ದೇನೆ. ಒಳಗೆ ಎರಡು ಮೇಜು, ಒಬ್ಬ ಹುಡುಗ, ಗೋಡೆ ತುಂಬ ಫೈಲು. ಬಂದವರಲ್ಲಿ ಮುಕ್ಕಾಲು ಪಾಲು ತೋಟದವರು. ನಾನು ಕಾಯುತ್ತಿದ್ದಾಗ ಒಬ್ಬರು ಕಾಫಿ ಆದಾಯದ ಬಗ್ಗೆ ಕೇಳುತ್ತಿದ್ದರು. ಬೆಳೆದ ಕಾಫಿಯನ್ನು ಹಾಗೇ ಮಾರಿದರೆ ಅದು ಕೃಷಿ ಆದಾಯ. ಬೆಳೆಗಾರರೇ ಕ್ಯೂರಿಂಗ್ ಮಾಡಿಸಿ (ಒಣಗಿದ ಕಾಫಿಯ ಹೊಟ್ಟು ತೆಗೆಸಿ) ಮಾರಿದರೆ ಆ ಲಾಭದ ಶೇ. 25 ಭಾಗಕ್ಕೆ ಆದಾಯ ತೆರಿಗೆ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗಕ್ಕೆ. ಮೇಡಂ ಅದನ್ನು ಅವರಿಗೆ ಎರಡು ಸಲ, ನಿಧಾನವಾಗಿ ಹೇಳಿದರು. ಆಗಲೇ ನನಗೆ ಸ್ವಲ್ಪ ಧೈರ್ಯ ಬಂತು.

ನನ್ನ ಸರದಿ ಬಂದಾಗ ಒಂದೂವರೆ ಗಂಟೆ ಆಗಿತ್ತು. ಟೈಮ್ ಕೊಟ್ಟು ಕರೆಯುವ ಪದ್ಧತಿ ಅಲ್ಲಿಲ್ಲ. ಬಂದವರು ಬಂದ ಹಾಗೆ. ದೂರದಿಂದ ಬರುವವರಿಗೆ ಇದು ದೊಡ್ಡ ತೊಂದರೆ.

ನಾನು ಫಾರಂ 16 ಕೊಟ್ಟೆ. ಅವರು ಅದನ್ನು ಪಕ್ಕಕ್ಕಿಟ್ಟು, ಅದರ ಹಿಂದೆ ಪಿನ್ ಮಾಡಿದ್ದ ಇನ್ನೊಂದು ಕಾಗದ ತೆಗೆದರು. 12ಬಿಎ ಅಂತ. ಸಂಬಳದ ಜೊತೆ ಕಂಪನಿ ಕೊಟ್ಟ ಸೌಲಭ್ಯಗಳ ಬೆಲೆ ಎಷ್ಟು ಅಂತ ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ಆ ಕಾಗದವನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಬೇರೆ ಸೌಲಭ್ಯ ಅನ್ನುವ ಸಾಲಿನಲ್ಲಿ 1,20,000 ಕೂತಿತ್ತು.

"ಈ ದುಡ್ಡು ಯಾತಕ್ಕೆ ಬಂತು?" ಅಂತ ಕೇಳಿದರು. ಹೇಳಿದೆ. ಮಗಳ ವಯಸ್ಸು ಕೇಳಿದರು. ಡೇಕೇರ್ ಯಾರದು, ಹಣ ಯಾರ ಖಾತೆಯಿಂದ ಹೋಗುತ್ತದೆ, ಹೋಂ ನರ್ಸನ್ನು ಕಂಪನಿ ಕಳಿಸಿದ್ದಾ ನೀವು ಹುಡುಕಿದ್ದಾ, ಕಂಪನಿಯ ಪಾಲಿಸಿ ಪತ್ರ ಇದೆಯಾ. ಒಂದೊಂದನ್ನೂ ಬರೆದುಕೊಂಡರು. ಫೋನಿನಲ್ಲಿ ರೀಫಂಡ್ ಕೊಡಿಸುತ್ತೇನೆ ಅಂದವರು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತೇನೆ. "ಮಗು ನೋಡಿಕೊಳ್ಳೋ ಖರ್ಚು ಯಾರದ್ದು? ನಿಮ್ಮದು. ನೀವು ಕೊಡಬೇಕಾದ್ದನ್ನ ಕಂಪನಿ ಕೊಟ್ಟರೆ, ಅದೂ ಸಂಬಳವೇ. ಕಾನೂನಲ್ಲಿ ಅದಕ್ಕೆ ಬಿಟ್ಟುಕೊಟ್ಟಿದ್ದೀವಿ ಅಂತ ಎಲ್ಲಾದರೂ ಬರೆದಿರಬೇಕು. ಬರೆದಿಲ್ಲ ಅಂದರೆ ತೆರಿಗೆ ಇದೆ."

1961ರ ಆದಾಯ ತೆರಿಗೆ ಕಾಯ್ದೆಯ 17(2)ನೇ ಸೆಕ್ಷನ್ ಅದು. ಬಿಟ್ಟುಕೊಟ್ಟಿದ್ದ ಭತ್ಯೆಗಳ ಪಟ್ಟಿ ಬೇರೆ ಇತ್ತು, ಅದೇ ಕಾಯ್ದೆಯ 10(14)ನೇ ಸೆಕ್ಷನ್ ಮತ್ತು 2ಬಿಬಿ ನಿಯಮದಲ್ಲಿ. ಆ ಪಟ್ಟಿಯಲ್ಲಿ ಮಕ್ಕಳ ಓದಿನ ಭತ್ಯೆ ಇತ್ತು. 2024-25ರಲ್ಲಿ ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿ, ಎರಡು ಮಕ್ಕಳವರೆಗೆ. ಹಾಸ್ಟೆಲಿಗೆ 300. ಡೇಕೇರ್ ಅನ್ನುವ ಮಾತೇ ಅಲ್ಲಿರಲಿಲ್ಲ. ನೂರು ರೂಪಾಯಿ ಅಂತ ಕೇಳಿದಾಗ ನನಗೆ ನಿಜವಾಗಿ ಬೇಸರವಾಯಿತು. ನಮ್ಮ ಡೇಕೇರ್ ಅಕ್ಕ ಒಂದು ದಿನಕ್ಕೆ ತೆಗೆದುಕೊಳ್ಳುವುದೂ ಅದಕ್ಕಿಂತ ಜಾಸ್ತಿ. ತೆರಿಗೆಗೆ ಎರಡು ಪದ್ಧತಿ ಇವೆ, ವಿನಾಯಿತಿ ಜಾಸ್ತಿ ಇರುವ ಹಳೇದು, ವಿನಾಯಿತಿ ಮತ್ತು ದರ ಎರಡೂ ಕಡಿಮೆ ಇರುವ ಹೊಸದು. ಆ ನೂರು ರೂಪಾಯಿಯೂ ಹಳೇ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಅದೂ ಇರಲಿಲ್ಲ. ಕಂಪನಿಯೇ ನಡೆಸುವ ಸ್ಕೂಲಿನಲ್ಲಿ ಮಗು ಓದಿದರೆ ಆಗ ತಿಂಗಳಿಗೆ 1,000 ರೂಪಾಯಿ ಬೆಲೆಯವರೆಗೆ ತೆರಿಗೆ ಇರಲಿಲ್ಲ. ನಮಗೆ ಅದು ಅನ್ವಯಿಸುತ್ತಿರಲಿಲ್ಲ.

ಹಾಗಾದರೆ ಹೋಂ ನರ್ಸನ್ನು ಕಂಪನಿಯೇ ನೇಮಿಸಿ ಕಳಿಸಿದರೆ ಅಂತ ಕೇಳಿದೆ. ಅದಕ್ಕೂ ನಿಯಮ ಇದೆಯಂತೆ. ಕಸ ಗುಡಿಸುವವರು, ಮಾಲಿ, ವಾಚ್‌ಮನ್, ಆರೈಕೆಗೆ ಇರುವವರು, ಯಾರನ್ನು ಕಂಪನಿ ಕೊಟ್ಟರೂ ಅವರಿಗೆ ಕಂಪನಿ ಮಾಡಿದ ಖರ್ಚು ಪೂರ್ತಿ ನೌಕರರ ಆದಾಯಕ್ಕೆ ಸೇರುತ್ತದೆ. ನೌಕರರು ತಾವೇ ಸ್ವಲ್ಪ ಕೊಟ್ಟಿದ್ದರೆ ಅಷ್ಟನ್ನು ಮಾತ್ರ ಕಳೆಯುತ್ತಾರೆ. ಕಂಪನಿ ಕಟ್ಟುವ ಆರೋಗ್ಯ ವಿಮೆಯ ಕಂತಿನ ಕಥೆ ಬೇರೆ. ಅದನ್ನು ಕಾನೂನಿನಲ್ಲೇ ಬಿಟ್ಟುಕೊಟ್ಟಿದ್ದಾರೆ. ಹಾಗಾಗಿ ಮಗಳ ವಿಮೆ ಕಂಪನಿ ಮೂಲಕವೇ ಇರಲಿ, ಬಿಡಬೇಡಿ ಅಂದರು.

ನಾನು ಅಮೆರಿಕದ ವಿಷಯ ತೆಗೆದೆ. ಅಲ್ಲಿ ಯಾಕೆ ಇಲ್ಲ, ಇಲ್ಲಿ ಯಾಕೆ ಇದೆ? ಅದು ತಮ್ಮ ಕೆಲಸ ಅಲ್ಲ, ಆದರೆ ಓದಿ ಹೇಳುತ್ತೇನೆ ಅಂದರು. ಎರಡನೇ ಸಲ ಹೋದಾಗ ನಿಜವಾಗಿಯೂ ಓದಿಟ್ಟುಕೊಂಡಿದ್ದರು. ಇದು ನನಗೆ ತುಂಬ ಹಿಡಿಸಿತು. ಅಮೆರಿಕದ ತೆರಿಗೆ ಕಾನೂನಿನಲ್ಲಿ ಇದಕ್ಕೆಂದೇ ಒಂದು ಸೆಕ್ಷನ್ ಇದೆ, 129. 1981ರಲ್ಲಿ ಬಂದದ್ದು. 1986ರ ಕಾನೂನಿನಲ್ಲಿ 5,000 ಡಾಲರ್ ಮಿತಿ ಹಾಕಿದರು. ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್ ಹಾಕಿದರೆ 2,500. ಕೋವಿಡ್ ಸಮಯದಲ್ಲಿ, 2021ರ ಒಂದು ವರ್ಷಕ್ಕೆ ಮಾತ್ರ 10,500 ಮಾಡಿದ್ದರು. ಮತ್ತೆ 5,000ಕ್ಕೇ ಬಂತು. 2025ರ ಕಾನೂನಿನ ಪ್ರಕಾರ 2026ರ ಜನವರಿಯಿಂದ 7,500. ಮಗುವಿಗೆ 13 ತುಂಬಿರಬಾರದು. ಅಲ್ಲಿನ ಸಂಬಳದ ಫಾರಂ ಡಬ್ಲ್ಯೂ-2 ಅಂತ, ಅದರಲ್ಲಿ ಹತ್ತನೇ ಚೌಕದಲ್ಲಿ ಈ ಹಣ ತೋರಿಸುತ್ತಾರೆ. ಸಂಬಳದಿಂದ ಇದಕ್ಕೆಂದು ತೆಗೆದಿಟ್ಟ ಹಣವನ್ನು ಸಮಯಕ್ಕೆ ಸರಿಯಾಗಿ ಖರ್ಚು ಮಾಡದಿದ್ದರೆ ಅದು ಕೈ ತಪ್ಪಿ ಹೋಗುತ್ತದೆ. ನ್ಯೂಜೆರ್ಸಿಯ ಗೆಳತಿ ಈ ಕೊನೇ ಮಾತನ್ನು ನನಗೆ ಹೇಳಿರಲಿಲ್ಲ. ಕೇಳಿದಾಗ, ಹೌದು, ಒಂದು ವರ್ಷ ಹಾಗೇ ಕಳೆದುಕೊಂಡಿದ್ದೆ ಅಂದರು.

ಇಲ್ಲಿ ಅಂಥ ಸೆಕ್ಷನ್ ಇಲ್ಲ. ಇರಬೇಕು ಅಂತ ನನ್ನ ಅಭಿಪ್ರಾಯ. ಹಿಂದೆ ಒಮ್ಮೆ ನಮ್ಮ ಸರ್ಕಾರ ಈ ವಿಷಯ ಯೋಚಿಸಿದ್ದೂ ಇದೆ. 2005ರಿಂದ ಕಂಪನಿಗಳು ಕೊಡುವ ಸೌಲಭ್ಯಗಳ ಮೇಲೆ ಫ್ರಿಂಜ್ ಬೆನಿಫಿಟ್ ತೆರಿಗೆ ಇತ್ತಲ್ಲ, 2008ರ ಬಜೆಟ್ಟಿನಲ್ಲಿ ನೌಕರರ ಮಕ್ಕಳ ಶಿಶುವಿಹಾರದ ಖರ್ಚನ್ನು ಅದರಿಂದ ಬಿಟ್ಟಿದ್ದರು. ಮುಂದಿನ ವರ್ಷ ಆ ತೆರಿಗೆಯನ್ನೇ ತೆಗೆದರು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯಿಂದ, 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಲು ಬಿಡಬೇಕು ಅಂತಾಯಿತು. ನಮ್ಮ ಬೆಂಗಳೂರು ಆಫೀಸಿನಲ್ಲಿ ಚೆನ್ನಾದ ಶಿಶುವಿಹಾರ ಇದೆ. ಸೋಮವಾರಪೇಟೆಯಲ್ಲಿ ಕೂತ ನನಗೆ ಅದರಿಂದ ಏನು ಬಂತು?

ಮೇಡಂ ಆಗ ಒಂದು ಮಾತು ಹೇಳಿದರು. ಅವರು ಹುಡುಗಿಯಾಗಿದ್ದಾಗ ಅವರ ಮನೆ ಹತ್ತಿರದ ದೊಡ್ಡ ಎಸ್ಟೇಟಿನಲ್ಲಿ ಕೂಲಿಯವರ ಮಕ್ಕಳಿಗೆ ಒಂದು ಶಿಶುವಿಹಾರ ಇತ್ತಂತೆ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಅದು ಇತ್ತು, ಐವತ್ತು ಹೆಂಗಸರು ಕೆಲಸಕ್ಕಿದ್ದರೆ ಆರು ವರ್ಷದ ಒಳಗಿನ ಮಕ್ಕಳಿಗೆ ಜಾಗ ಮಾಡಬೇಕು ಅಂತ. ಕಾಫಿ ಕುಯ್ಯಲು ಹೋಗುವ ತಾಯಂದಿರು ಬೆಳಗ್ಗೆ ಮಗುವನ್ನು ಬಿಟ್ಟು ಹೋಗುತ್ತಿದ್ದರು. ನಾಲ್ಕು ಎಕರೆ ತೋಟದ ಕೆಲಸದವರಿಗೆ ಆ ಕಾನೂನು ಮುಟ್ಟುತ್ತಿರಲಿಲ್ಲ. ನಮ್ಮ ತೋಟಕ್ಕೆ ಬರುವ ಹೆಂಗಸರು ಈಗಲೂ ಮಗುವನ್ನು ಗಿಡದ ಬುಡದಲ್ಲಿ ಸೀರೆಯ ತೊಟ್ಟಿಲು ಕಟ್ಟಿ ಮಲಗಿಸುತ್ತಾರೆ. ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಅದನ್ನೇ ಯೋಚಿಸುತ್ತಿದ್ದೆ.

ಈಗ ಅಪ್ಪನ ವಿಷಯ. ಈ ಆಫೀಸಿನ ಮೇಲೆ ನನಗೆ ಗೌರವ ಹುಟ್ಟಿದ್ದು ಇದರಿಂದಲೇ.

ಅಂಗವೈಕಲ್ಯ ಇರುವ ಅವಲಂಬಿತರು ಮನೆಯಲ್ಲಿದ್ದರೆ 1961ರ ಕಾಯ್ದೆಯಲ್ಲಿ 80ಡಿಡಿ ಅಂತ ಒಂದು ವಿನಾಯಿತಿ ಇತ್ತು. ಸರ್ಕಾರಿ ವೈದ್ಯರ ಪ್ರಮಾಣಪತ್ರದಲ್ಲಿ ಶೇ. 40 ಅಥವಾ ಜಾಸ್ತಿ ಇದ್ದರೆ 75,000, ಶೇ. 80 ಅಥವಾ ಜಾಸ್ತಿ ಇದ್ದರೆ 1,25,000. ಎಷ್ಟು ಖರ್ಚಾಯಿತು ಅನ್ನುವ ಲೆಕ್ಕ ಬೇಕಿಲ್ಲ. ಅಪ್ಪನ ಬಲಗೈ ಪೂರ್ತಿ ಏಳುವುದಿಲ್ಲ, ಮಾತು ತೊದಲುತ್ತದೆ. ಪ್ರಮಾಣಪತ್ರ ಮಾಡಿಸಿದರೆ ಸಿಗುತ್ತದೆ ಅಂತ ನನಗೆ ಆಸೆ ಇತ್ತು.

ಮೇಡಂ ಕೇಳಿದರು: "ತೋಟ ಯಾರ ಹೆಸರಲ್ಲಿದೆ?"

"ಅಪ್ಪನ ಹೆಸರಲ್ಲಿ."

"ಕಳೆದ ಸಲ ಎಷ್ಟು ಮೂಟೆ ಆಯಿತು?"

"ಪಾರ್ಚ್‌ಮೆಂಟ್ ಕಾಫಿ ಇಪ್ಪತ್ತೆರಡು. ಮೆಣಸು ಬೇರೆ."

"ದುಡ್ಡು ಎಲ್ಲಿಗೆ ಬಂತು?"

"ಅಪ್ಪನ ಖಾತೆಗೆ. ಎಫ್‌ಡಿ ಮಾಡಿಟ್ಟಿದ್ದೀವಿ."

ಆ ಸಲ ಕಾಫಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತ್ತು, ಎಲ್ಲರಿಗೂ ಗೊತ್ತಿರುವುದೇ. ಮೇಡಂ ಪೆನ್ನು ಕೆಳಗಿಟ್ಟರು. "ಹಾಗಿದ್ದರೆ ಅವರು ನಿಮ್ಮ ಮೇಲೆ ಅವಲಂಬಿತರಲ್ಲಮ್ಮ. ಇದನ್ನ ಹಾಕಕ್ಕಾಗಲ್ಲ" ಅಂದರು.

ನನಗೆ ಕಣ್ಣಲ್ಲಿ ನೀರು ಬಂತು. ಬೆಳಗ್ಗೆ ಎದ್ದು ಅಪ್ಪನ ಮುಖ ತೊಳೆಸುವುದರಿಂದ ರಾತ್ರಿ ಮಾತ್ರೆ ಕೊಡುವವರೆಗೆ ನಾನೇ ಮಾಡುತ್ತೇನೆ. ಕೆಲಸ, ಮನೆ, ಊರು ಎಲ್ಲ ಬದಲಾಯಿಸಿಕೊಂಡಿದ್ದೇನೆ. ಅವಲಂಬಿತರಲ್ಲ ಅಂದರೆ ಏನರ್ಥ? ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಹುಡುಗನಿಗೆ ಕಾಫಿ ತರಲು ಹೇಳಿದರು. ಆಮೇಲೆ ಹೇಳಿದರು: "ನೋಡಿಕೊಳ್ಳೋದು ಬೇರೆ, ಸಾಕೋದು ಬೇರೆ. ನೋಡಿಕೊಳ್ಳೋರು ಯಾರು ಅಂತ ಕಾನೂನು ಕೇಳ್ತಿಲ್ಲ. ಅವರ ಊಟ, ಬಟ್ಟೆ, ಔಷಧಿ ಯಾರ ದುಡ್ಡಲ್ಲಿ ನಡೀಬೇಕು ಅಂತ ಕೇಳ್ತಿದೆ. ನಿಮ್ಮಪ್ಪನ ಹತ್ತಿರ ಅವರ ದುಡ್ಡಿದೆ."

ಕಂಪನಿಯ ಪಾಲಿಸಿಯಲ್ಲಿ ಅವಲಂಬಿತರು ಅಂದರೆ ನೌಕರರ ಅಪ್ಪ ಅಮ್ಮ, ಅಷ್ಟೇ. ಅವರಿಗೆ ಆದಾಯ ಇದೆಯಾ ಅಂತ ಅದು ಕೇಳುವುದಿಲ್ಲ. ನಮ್ಮ ತೆರಿಗೆ ಕಾನೂನು ಯಾರು ಸಾಕುತ್ತಾರೆ ಅಂತ ಕೇಳುತ್ತದೆ. ಅಮೆರಿಕದಲ್ಲಿ ದೊಡ್ಡವರ ಆರೈಕೆಗೆ ಆ ಸೌಲಭ್ಯ ಸಿಗಬೇಕಾದರೆ ಅವರಿಗೆ ತಮ್ಮನ್ನು ತಾವು ನೋಡಿಕೊಳ್ಳಲು ಆಗಬಾರದು, ವರ್ಷದ ಅರ್ಧಕ್ಕಿಂತ ಜಾಸ್ತಿ ನೌಕರರ ಮನೆಯಲ್ಲೇ ಇರಬೇಕು. ಮೂರು ಕಡೆ ಒಂದೇ ಮಾತು, ಮೂರು ಅರ್ಥ. ಇದು ಗೊತ್ತಿಲ್ಲದೆ ಎಷ್ಟು ಜನ ತಪ್ಪು ತುಂಬುತ್ತಿದ್ದಾರೋ ಅಂತ ನನಗೆ ಆತಂಕವಾಯಿತು. ಆದಾಯವನ್ನು ತಪ್ಪಾಗಿ ತೋರಿಸಿದ್ದು ಸಾಬೀತಾದರೆ ಆ ತೆರಿಗೆಯ ಎರಡು ಪಟ್ಟು ದಂಡ, ತೆರಿಗೆ ಬೇರೆ, ಬಡ್ಡಿ ಬೇರೆ.

ಆ ರಾತ್ರಿ ಅಪ್ಪನಿಗೆ ಊಟ ಮಾಡಿಸುವಾಗ ಎಲ್ಲ ಹೇಳಿದೆ. ನೀವು ನನ್ನ ಮೇಲೆ ಅವಲಂಬಿತರಲ್ಲವಂತೆ ಅಂದೆ. ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಎಡಗೈಯಲ್ಲಿ ಎದೆ ಮುಟ್ಟಿಕೊಂಡು, "ನನ್ ತೋಟ" ಅಂದರು. ಪಾರ್ಶ್ವವಾಯು ಆದಮೇಲೆ ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ. ಮರುದಿನ ಪಾಸ್‌ಬುಕ್ ತಂದುಕೊಡು ಅಂತ ಸನ್ನೆ ಮಾಡಿದರು. ಈಗ ಡೇಕೇರ್, ಹೋಂ ನರ್ಸ್ ಸೇರಿ ಆಗುವ 17,500ರಲ್ಲಿ ಕಂಪನಿಯ 10,000 ಹೋಗಿ ಉಳಿಯುವ 7,500 ಅಪ್ಪನ ಖಾತೆಯಿಂದ ಬರುತ್ತದೆ. ಇಷ್ಟು ದಿನ ನಾನೇ ಕೊಡಬೇಕು ಅಂದುಕೊಂಡಿದ್ದೆ. ಅವರನ್ನು ಒಂದು ಮಾತು ಕೇಳಿರಲೇ ಇಲ್ಲ.

ಇನ್ನು ಲೆಕ್ಕ. ಮೇಡಂ ಕಂಪ್ಯೂಟರ್ ಮುಟ್ಟದೆ ಒಂದು ಹಾಳೆಯಲ್ಲಿ ಎರಡೂ ಪದ್ಧತಿಯ ಲೆಕ್ಕ ಪಕ್ಕ ಪಕ್ಕ ಬರೆದು ತೋರಿಸಿದರು. ಆ ಹಾಳೆ ನನ್ನ ಹತ್ತಿರ ಈಗಲೂ ಇದೆ. ಈ 1,20,000 ಸೇರಿ 2024-25ರ ನನ್ನ ಸಂಬಳ 18 ಲಕ್ಷ. ಹಳೇ ಪದ್ಧತಿಯಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗುವ ಕಡಿತ), ಪಿಎಫ್ ಮತ್ತು ಎಲ್‌ಐಸಿ ಸೇರಿ 1,50,000, ಅಪ್ಪನ ಔಷಧಿ ಮತ್ತು ಡಾಕ್ಟರ್ ಖರ್ಚಿಗೆ 50,000. ಈ ಕೊನೆಯದು 80ಡಿ. ಹಿರಿಯ ನಾಗರಿಕರಾದ ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ ಅವರ ವೈದ್ಯಕೀಯ ಖರ್ಚನ್ನು ಮಗಳು ತೋರಿಸಬಹುದು. ಅವರು ಅವಲಂಬಿತರಾಗಿರಲೇಬೇಕು ಅಂತಿಲ್ಲ. ಆದರೆ ನಗದು ಕೊಟ್ಟಿರಬಾರದು. ನಾನು ಯುಪಿಐನಲ್ಲಿ ಕೊಡುತ್ತಿದ್ದೆ, ಬಚಾವಾದೆ. ಇದೆಲ್ಲ ಕಳೆದು ಉಳಿದದ್ದು 15,50,000. ಸೆಸ್ ಸೇರಿ ತೆರಿಗೆ 2,88,600.

ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಮಾತ್ರ. ಉಳಿದದ್ದು 17,25,000. ತೆರಿಗೆ 2,15,800. ಅಂದರೆ ಹೊಸದರಲ್ಲೇ 72,800 ಕಡಿಮೆ. ಕಂಪನಿಯೂ ಹೊಸ ಪದ್ಧತಿಯಲ್ಲೇ ಹಿಡಿದಿತ್ತು. ಅವರು ಹಿಡಿದ ತೆರಿಗೆ ಒಂದು ರೂಪಾಯಿಯೂ ತಪ್ಪಿರಲಿಲ್ಲ. ರೀಫಂಡ್ ಸೊನ್ನೆ.

ಎಷ್ಟು ಓಡಾಡಿದರೂ ಹಣ ಬರಲಿಲ್ಲವಲ್ಲ ಅಂತ ಯಾರಾದರೂ ಕೇಳಬಹುದು. ಬರಲಿಲ್ಲ. ಆದರೆ ಮಾರ್ಚಿನಲ್ಲಿ ಒಂದೇ ಸಲ 37,440 ಹಿಡಿಯಬೇಕಾಗಿರಲಿಲ್ಲ ಅನ್ನುವುದು ಆ ಹಾಳೆಯಿಂದ ಗೊತ್ತಾಯಿತು. ಕಂಪನಿ ವರ್ಷವಿಡೀ ಹಣ ಕೊಡುತ್ತಾ ಹೋಗಿ, ತೆರಿಗೆಯನ್ನು ಮಾತ್ರ ಕೊನೇ ತಿಂಗಳಿಗೆ ಇಟ್ಟುಕೊಂಡಿತ್ತು. 1,20,000ದ ಮೇಲೆ ಶೇ. 30, ಅದರ ಮೇಲೆ ಶೇ. 4 ಸೆಸ್. ಎಲ್ಲ ಒಂದೇ ಸಲ. ಮೇಡಂ ಕಂಪನಿಯ ಪೇರೋಲ್ ವಿಭಾಗಕ್ಕೆ ಒಂದು ಪತ್ರ ಬರೆದುಕೊಟ್ಟರು. 2025-26ರ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಹಂಚಿ ಅಂತ ಕೇಳಿ ನಾನು ಅದನ್ನು ಕಳಿಸಿದೆ. 2025ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯ ದರ ಬದಲಾಗಿದ್ದರಿಂದ ಅದೇ 1,20,000ಕ್ಕೆ ಈ ಸಲ 24,960 ಬರುತ್ತದೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆರು ಭಾಗ ಮಾಡಿ ತಿಂಗಳಿಗೆ 4,160 ಹಿಡಿಯುತ್ತಿದ್ದಾರೆ. ಗೊತ್ತಿದ್ದು ಹೋಗುವ ಹಣ. ಮನೆ ನಡೆಸುವವರಿಗೆ ಅದರ ಬೆಲೆ ಗೊತ್ತು.

ಕೊರತೆಗಳನ್ನೂ ಹೇಳಬೇಕು. ಫೋನ್ ಎತ್ತುವುದು ಅಪರೂಪ. ಹುಡುಗ ಎತ್ತಿದರೂ "ಮೇಡಂ ಬಿಜಿ" ಅನ್ನುತ್ತಾನೆ. ಕಾಗದಪತ್ರ ವಾಟ್ಸಾಪಿನಲ್ಲಿ ಕಳಿಸುತ್ತೇನೆ ಅಂದರೆ ಒಪ್ಪುವುದಿಲ್ಲ, ಎದುರಿಗೇ ಬರಬೇಕು. ಆ ವರ್ಷ ರಿಟರ್ನ್ ಹಾಕುವ ಕೊನೇ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೆ ಹಾಕಿದ್ದರಲ್ಲ, ನನ್ನದು ಸೆಪ್ಟೆಂಬರ್ ಎರಡನೇ ವಾರದವರೆಗೂ ಹಾಗೇ ಕೂತಿತ್ತು. ಕೈಲ್‌ಪೊಳ್ದ್ ಹಬ್ಬಕ್ಕೆ ಆಫೀಸಿಗೆ ರಜೆ, ಅದರ ಹಿಂದೆ ಮುಂದೆ ಎರಡು ದಿನ ಕರೆಂಟ್ ಇಲ್ಲ. ನನಗೆ ನಿಜವಾಗಿ ಭಯ ಆಗಿತ್ತು. ನನ್ನ ಕೆಲಸ ಆಗಸ್ಟಿನಲ್ಲೇ ಮುಗಿಸಬಹುದಿತ್ತು, ಕಾಗದ ಎಲ್ಲ ಕೊಟ್ಟಾಗಿತ್ತು. ಇದನ್ನು ನಾನು ಸಣ್ಣ ತಪ್ಪು ಅನ್ನಲಾರೆ. ಬೇರೆಯವರು ಹೋಗುವುದಾದರೆ ಜೂನಿನಲ್ಲೇ ಹೋಗಿ, ಯಾವ ದಿನ ಮುಗಿಸಿಕೊಡುತ್ತೀರಿ ಅಂತ ಕೇಳಿ ಬರೆಸಿಕೊಳ್ಳಿ.

ಫೀಸು ಮೊದಲ ದಿನ 500, ರಿಟರ್ನ್ ಹಾಕಲು 1,500. ಎರಡಕ್ಕೂ ರಸೀದಿ ಕೊಟ್ಟರು. ರೀಫಂಡಿನಲ್ಲಿ ಪಾಲು ಕೇಳುವವರಿಗಿಂತ ಇದು ಎಷ್ಟೋ ಮೇಲು. ಪಾಲು ಕೇಳುವವರಿಗೆ ರೀಫಂಡ್ ದೊಡ್ಡದಾಗಬೇಕು, ಸರಿ ತಪ್ಪು ಬೇಕಾಗಿಲ್ಲ. ಮೇಡಂಗೆ ನನ್ನ ರೀಫಂಡ್ ಸೊನ್ನೆ ಆದರೂ ಅದೇ 1,500.

ಹೋಗುವವರು ಫಾರಂ 16ರ ಜೊತೆ 12ಬಿಎ ಖಂಡಿತ ತೆಗೆದುಕೊಂಡು ಹೋಗಿ. ಕಂಪನಿಯ ಪಾಲಿಸಿ ಪತ್ರವನ್ನೂ ಪ್ರಿಂಟ್ ಮಾಡಿಸಿ. ಸೆಕ್ಷನ್ ನಂಬರುಗಳನ್ನು ಬಾಯಿಪಾಠ ಮಾಡಬೇಡಿ ಅಂತ ಮೇಡಂ ನನಗೆ ಹೇಳಿದರು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ, ನಂಬರುಗಳೆಲ್ಲ ಬದಲಾಗುತ್ತವೆ.

ಇದನ್ನು ಬರೆಯುವಾಗ ಕಣದಲ್ಲಿ ಕಾಫಿ ಒಣಗುತ್ತಿದೆ. ಅಪ್ಪ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ, ಮಗಳು ಅವರ ಕೋಲು ಹಿಡಿದುಕೊಂಡು ಕೋಳಿ ಓಡಿಸುತ್ತಿದ್ದಾಳೆ. ಕಂಪನಿ ಏಪ್ರಿಲಿನಿಂದ ಈ ಸೌಲಭ್ಯದ ನಿಯಮ ಬದಲಾಯಿಸುತ್ತದಂತೆ, ಹೊಸ ಪತ್ರ ಕಳಿಸಿದ್ದಾರೆ. ಅದನ್ನು ಅದೇ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟಿದ್ದೇನೆ. ಬುಧವಾರದ ಮೊದಲ ಬಸ್ಸಿಗೆ ಮಡಿಕೇರಿಗೆ ಹೋಗಬೇಕು. ಸೋಮವಾರ, ಶುಕ್ರವಾರ ಅಲ್ಲಿ ಜನ ಜಾಸ್ತಿ.